‘ಮುಂತಾದವರು’ ಯಾರು? ಅಮೆರಿಕ ಕಟ್ಟಿದ ಅಪರಿಚಿತರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಹೆಸರುಗಳನ್ನು ನಾವೆಲ್ಲ ಹೈಸ್ಕೂಲಿನ ಪಾಠದಲ್ಲೇ ಓದಿದ್ದೇವೆ. ಅದೇ ಕೋಣೆಯಲ್ಲಿ ಕುಳಿತು ಅದೇ ಕಾಗದಕ್ಕೆ ಸಹಿ ಹಾಕಿದ ಉಳಿದವರ ಸರದಿ ಬಂದಾಗ ಪಾಠ ‘ಮುಂತಾದವರು’ ಎಂದು ಹೇಳಿ ಮುಗಿಸಿಬಿಡುತ್ತದೆ. ಆ ಒಂದು ಪದದೊಳಗೆ ಬೂಟು ಹೊಲಿಯುತ್ತಿದ್ದವನಿದ್ದಾನೆ, ಸಾಲ ತೀರಿಸಲಾಗದೆ ಸೆರೆಮನೆ ಸೇರಿದ ನ್ಯಾಯಮೂರ್ತಿಯಿದ್ದಾನೆ, ತಾನೇ ಬರೆದ ಇತಿಹಾಸಕ್ಕೆ ತಾನೇ ಬೆಂಕಿ ಇಟ್ಟವನಿದ್ದಾನೆ. ಅವರನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕಬಾರದು, ಮರೆತೂ ಬಿಡಬಾರದು ಎಂಬುದು ನನ್ನ ನಿಲುವು. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಆ ನಿಲುವಿನಿಂದಲೇ ಇಲ್ಲಿ ಉತ್ತರಿಸಿದ್ದೇನೆ.

‘ಸ್ಥಾಪಕ ಪಿತಾಮಹರು’ ಎಂದರೆ ಒಟ್ಟು ಎಷ್ಟು ಮಂದಿ?

ಅಧಿಕೃತ ಪಟ್ಟಿ ಎಂಬುದು ಇಲ್ಲ. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು 56 ಮಂದಿ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಲು ಸೇರಿದವರು 55 ಮಂದಿ, ಅವರಲ್ಲಿ ಸಹಿ ಹಾಕಿದವರು 39. ಎರಡಕ್ಕೂ ಸಹಿ ಹಾಕಿದವರು ಆರೇ ಜನ. ರೋಡ್ ಐಲೆಂಡ್ ರಾಜ್ಯವಂತೂ ಸಂವಿಧಾನ ಸಭೆಗೆ ಯಾರನ್ನೂ ಕಳಿಸಲೇ ಇಲ್ಲ. ‘ಸ್ಥಾಪಕ ಪಿತಾಮಹರು’ ಎಂಬ ಮಾತು ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ವಾರನ್ ಹಾರ್ಡಿಂಗ್ ಎಂಬ ರಾಜಕಾರಣಿ 1916ರಲ್ಲಿ ತನ್ನ ಪಕ್ಷದ ಸಮಾವೇಶದ ಭಾಷಣದಲ್ಲಿ ಇದನ್ನು ಬಳಸಿದ ಮೇಲೆ ಅದು ಜನರ ಬಾಯಲ್ಲಿ ನಿಂತಿತು. ಮುಂದೆ ಆತನೇ ಅಧ್ಯಕ್ಷನೂ ಆದ.

ಎಲ್ಲರೂ ಜುಲೈ 4ರಂದೇ ಸಹಿ ಹಾಕಿದರೇ?

ಇಲ್ಲ. ಸ್ವತಂತ್ರರಾಗಬೇಕೆಂದು ಮತ ಹಾಕಿದ್ದು ಜುಲೈ 2ರಂದು. ಘೋಷಣೆಯ ಬರಹವನ್ನು ಒಪ್ಪಿಕೊಂಡದ್ದು ಜುಲೈ 4ರಂದು. ಚರ್ಮದ ಹಾಳೆಯ ಮೇಲೆ ಅಂದವಾಗಿ ಬರೆಸಿ, ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2ರಂದು. ಜುಲೈ 4ರ ರಾತ್ರಿ ಮುದ್ರಣವಾದ ಮೊದಲ ಪ್ರತಿಗಳಲ್ಲಿ ಇದ್ದದ್ದು ಎರಡೇ ಹೆಸರು: ಕಾಂಗ್ರೆಸ್ಸಿನ, ಅಂದರೆ ಹದಿಮೂರು ಬ್ರಿಟಿಷ್ ವಸಾಹತುಗಳ ಪ್ರತಿನಿಧಿ ಸಭೆಯ, ಅಧ್ಯಕ್ಷ ಜಾನ್ ಹ್ಯಾನ್‌ಕಾಕ್ ಮತ್ತು ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್. ಮೊದಲನೆಯ ಹೆಸರು ಅಮೆರಿಕದ ಮಕ್ಕಳಿಗೂ ಗೊತ್ತು. ಎರಡನೆಯವನ ಕಥೆ ಮುಂದೆ ಬರುತ್ತದೆ, ಈ ಪುಟದಲ್ಲಿ ನನಗೆ ಅತಿ ಪ್ರಿಯವಾದ ಕಥೆ ಅದು.

ರಾತ್ರಿಯಿಡೀ ಕುದುರೆ ಓಡಿಸಿಕೊಂಡು ಬಂದು ಮತ ಹಾಕಿದವನು ಯಾರು?

ಡೆಲಾವೇರ್‌ನ ಸೀಸರ್ ರಾಡ್ನಿ. ಆಗ ಒಂದೊಂದು ವಸಾಹತಿಗೆ ಒಂದೊಂದೇ ಮತ. ಡೆಲಾವೇರ್‌ನ ಮೂವರು ಪ್ರತಿನಿಧಿಗಳಲ್ಲಿ ಥಾಮಸ್ ಮೆಕೀನ್ ಸ್ವಾತಂತ್ರ್ಯದ ಪರ, ಜಾರ್ಜ್ ರೀಡ್ ವಿರುದ್ಧ, ಮೂರನೆಯವನಾದ ರಾಡ್ನಿ ಊರಲ್ಲಿ. ಜುಲೈ 1ರ ಪ್ರಾಥಮಿಕ ಎಣಿಕೆಯಲ್ಲಿ ಡೆಲಾವೇರ್ ಎರಡು ಹೋಳಾಗಿ ನಿಂತಿತು. ಮೆಕೀನ್ ಕೂಡಲೇ ಅವನಿಗೆ ಹೇಳಿಕಳಿಸಿದ. ರಾಡ್ನಿ ಆರೋಗ್ಯವಂತನಲ್ಲ. ಉಬ್ಬಸವಿತ್ತು, ಮುಖವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಆ ಗಾಯವನ್ನು ಹಸಿರು ರೇಷ್ಮೆ ಬಟ್ಟೆಯಿಂದ ಮುಚ್ಚಿಕೊಳ್ಳುತ್ತಿದ್ದನಂತೆ. ಅಂಥವನು ಗುಡುಗು ಮಳೆಯ ರಾತ್ರಿಯಲ್ಲಿ ಹೊರಟು, ಸುಮಾರು 80 ಮೈಲಿ ದಾರಿ ಸವೆಸಿ, ಜುಲೈ 2ರಂದು ಸಭೆಯ ಹೊತ್ತಿಗೆ ಫಿಲಡೆಲ್ಫಿಯಾ ತಲುಪಿದ. ಬೂಟು ಬಿಚ್ಚಿರಲಿಲ್ಲ, ಕುದುರೆ ತಿವಿಯುವ ಮುಳ್ಳುಗಳು ಇನ್ನೂ ಹಿಮ್ಮಡಿಯಲ್ಲೇ ಇದ್ದವು, ಬಾಗಿಲಲ್ಲಿ ಅವನನ್ನು ನಾನು ಎದುರುಗೊಂಡೆ ಎಂದು ಮೆಕೀನ್ ಮುಂದೆ ನೆನಪಿಸಿಕೊಂಡಿದ್ದಾನೆ.

ಅವನ ಮತದಿಂದ ಡೆಲಾವೇರ್ ಸ್ವಾತಂತ್ರ್ಯದ ಕಡೆ ವಾಲಿತು. ಅಂದು ನ್ಯೂಯಾರ್ಕ್ ತಟಸ್ಥವಾಗಿ ಉಳಿಯಿತು, ಉಳಿದ ಹನ್ನೆರಡೂ ಒಂದಾದವು. ರಾಡ್ನಿ 1784ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡ. ಅವನ ಕಾಲದಲ್ಲಿ ಬರೆಸಿದ ಚಿತ್ರ ಒಂದೂ ಉಳಿದಿಲ್ಲ. 1999ರ ಡೆಲಾವೇರ್ ನಾಣ್ಯದಲ್ಲಿ ಕುದುರೆ ಮೇಲೆ ಕುಳಿತಿರುವ ರಾಡ್ನಿ ಕಲಾವಿದನ ಕಲ್ಪನೆ. ಇನ್ನೊಂದು ಮಾತನ್ನೂ ಹೇಳಬೇಕು: ಅವನ ಜಮೀನಿನಲ್ಲಿ ದುಡಿಯುತ್ತಿದ್ದವರು ಗುಲಾಮರು. ವಿಲ್ಮಿಂಗ್ಟನ್ ನಗರದಲ್ಲಿದ್ದ ಅವನ ಪ್ರತಿಮೆಯನ್ನು 2020ರಲ್ಲಿ ಇಳಿಸಿದ್ದು ಇದೇ ಕಾರಣಕ್ಕೆ.

ಎಲ್ಲ ಮುಖ್ಯ ದಾಖಲೆಗಳಿಗೂ ಸಹಿ ಹಾಕಿದವರು ಯಾರಾದರೂ ಇದ್ದಾರೆಯೇ?

ಒಬ್ಬನೇ ಒಬ್ಬ. ಕನೆಕ್ಟಿಕಟ್‌ನ ರೋಜರ್ ಷರ್ಮನ್. 1774ರ ಬ್ರಿಟಿಷ್ ಸರಕು ಬಹಿಷ್ಕಾರದ ಒಪ್ಪಂದ, ಸ್ವಾತಂತ್ರ್ಯ ಘೋಷಣೆ, ರಾಜ್ಯಗಳ ಒಕ್ಕೂಟದ ಕರಾರು, ಸಂವಿಧಾನ, ಈ ನಾಲ್ಕರಲ್ಲೂ ಅವನ ಹೆಸರಿದೆ. ಓದಿದ್ದು ಅಷ್ಟಕ್ಕಷ್ಟೆ. ಅಪ್ಪನಿಂದ ಕಲಿತದ್ದು ಬೂಟು ಹೊಲಿಯುವ ಕೆಲಸ, ಚರ್ಮ ಹೊಲಿಯುವಾಗ ಎದುರಿಗೆ ಪುಸ್ತಕ ತೆರೆದಿಟ್ಟುಕೊಳ್ಳುತ್ತಿದ್ದನಂತೆ. ಆಮೇಲೆ ಮೋಜಣಿದಾರನಾದ, ಪಂಚಾಂಗ ಬರೆದು ಅಚ್ಚು ಹಾಕಿಸಿದ, ತಾನೇ ಓದಿಕೊಂಡು ವಕೀಲನಾದ, ನ್ಯಾಯಾಧೀಶನಾದ, ನ್ಯೂ ಹೇವನ್ ನಗರದ ಮೊದಲ ಮೇಯರ್ ಆದ.

1787ರ ಸಭೆ ಮುರಿದುಬೀಳುವ ಹಂತಕ್ಕೆ ಬಂದಿತ್ತು. ಜನಸಂಖ್ಯೆಗೆ ತಕ್ಕಂತೆ ಪ್ರಾತಿನಿಧ್ಯ ಬೇಕೆಂದು ದೊಡ್ಡ ರಾಜ್ಯಗಳು, ಎಲ್ಲರಿಗೂ ಸಮಪಾಲು ಬೇಕೆಂದು ಸಣ್ಣ ರಾಜ್ಯಗಳು ಪಟ್ಟು ಹಿಡಿದಿದ್ದವು. ಒಂದು ಸದನದಲ್ಲಿ ಜನಸಂಖ್ಯೆ, ಇನ್ನೊಂದರಲ್ಲಿ ಸಮಪಾಲು ಎಂಬ ಸೂತ್ರವನ್ನು ಬಿಡದೆ ಮುಂದಿಟ್ಟವನು ಷರ್ಮನ್. ಜುಲೈ 16ರಂದು ಒಂದೇ ಒಂದು ರಾಜ್ಯದ ಅಂತರದಲ್ಲಿ ಅದು ಗೆದ್ದಿತು. ಇಂದಿಗೂ ಅಮೆರಿಕದ ಸೆನೆಟ್‌ನಲ್ಲಿ ಪುಟ್ಟ ವಯೋಮಿಂಗ್‌ಗೂ ದೊಡ್ಡ ಕ್ಯಾಲಿಫೋರ್ನಿಯಾಕ್ಕೂ ಇಬ್ಬಿಬ್ಬರೇ ಸದಸ್ಯರಿರುವುದು ಆ ದಿನದ ಫಲ. ಇದು ಸರಿಯೇ ಎಂದು ಅಮೆರಿಕನ್ನರು ಈಗಲೂ ಜಗಳವಾಡುತ್ತಾರೆ.

ಸಂವಿಧಾನದ ಪೀಠಿಕೆಯ ‘ನಾವು’ ಯಾರ ಕೈಬರಹ?

ಗೂವರ್ನರ್ ಮಾರಿಸ್. ‘ಗೂವರ್ನರ್’ ಪದವಿಯಲ್ಲ, ಹೆಸರು. ತಾಯಿಯ ತವರು ಮನೆತನದ ಹೆಸರನ್ನೇ ಮಗನಿಗೆ ಇಟ್ಟಿದ್ದರು. ಹುಡುಗನಾಗಿದ್ದಾಗ ಬಿಸಿನೀರು ಬಿದ್ದು ಬಲಗೈ ಬೆಂದಿತ್ತು, 1780ರಲ್ಲಿ ಗಾಡಿ ಅಪಘಾತದಲ್ಲಿ ಎಡಗಾಲು ಹೋಯಿತು. ಮರದ ಕಾಲಿನಲ್ಲೇ ಸಂವಿಧಾನ ಸಭೆಗೆ ಬಂದು ಅಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಎದ್ದು ಮಾತನಾಡಿದ.

ಕೊನೆಯ ತಿದ್ದುಪಡಿಗೆಂದು ಕೈಗೆ ಬಂದ ಕರಡಿನಲ್ಲಿ 23 ವಿಧಿಗಳಿದ್ದವು. ಅವನು ಅವನ್ನು ಏಳಕ್ಕೆ ಇಳಿಸಿದ. ಆ ಕರಡಿನ ಪೀಠಿಕೆ ‘ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್...’ ಎಂದು ರಾಜ್ಯಗಳ ಹೆಸರನ್ನು ಒಂದೊಂದಾಗಿ ಎಣಿಸಿ, ಆ ರಾಜ್ಯಗಳ ಜನರಾದ ನಾವು ಎನ್ನುತ್ತಿತ್ತು. ಮಾರಿಸ್ ಆ ಪಟ್ಟಿಯನ್ನು ಹೊಡೆದುಹಾಕಿ ‘ಸಂಯುಕ್ತ ಸಂಸ್ಥಾನದ ಜನರಾದ ನಾವು’ ಎಂದು ಬರೆದ. ಯಾವ ರಾಜ್ಯ ಒಪ್ಪುತ್ತದೋ ಯಾವುದು ಬಿಡುತ್ತದೋ ತಿಳಿಯದ ಹೊತ್ತಿನಲ್ಲಿ ಹೆಸರುಗಳನ್ನು ಬರೆಯುವಂತೆಯೂ ಇರಲಿಲ್ಲ. ಆದರೂ ಆ ತಿದ್ದುಪಡಿಯಿಂದ ಹದಿಮೂರು ರಾಜ್ಯಗಳ ಜನ ಒಂದೇ ಜನತೆಯಾದರು. ನಮ್ಮ ಸಂವಿಧಾನವೂ ಭಾರತದ ಜನತೆಯ ‘ನಾವು’ ಎಂಬ ದನಿಯಲ್ಲೇ ತೊಡಗುತ್ತದೆ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ನಿಂತು ಅದನ್ನು ಓದುವುದನ್ನು ಕೇಳಿದಾಗಲೆಲ್ಲ ನನಗೆ ಆ ಮರದ ಕಾಲಿನವನು ನೆನಪಾಗುತ್ತಾನೆ.

ಸಹಿ ಹಾಕಲು ಒಪ್ಪದವರೂ ಇದ್ದರೇ? ಅವರು ದ್ರೋಹಿಗಳೇ?

ಇದ್ದರು. ದ್ರೋಹಿಗಳಲ್ಲ. ಜಾನ್ ಡಿಕಿನ್ಸನ್‌ನನ್ನು ನೋಡಿ. ಬ್ರಿಟಿಷ್ ತೆರಿಗೆಗಳ ವಿರುದ್ಧ 1767–68ರಲ್ಲಿ ‘ಪೆನ್ಸಿಲ್ವೇನಿಯಾದ ರೈತನ ಪತ್ರಗಳು’ ಬರೆದು ಎಲ್ಲ ವಸಾಹತುಗಳನ್ನೂ ಎಚ್ಚರಿಸಿದವನು ಅವನು. ಆದರೆ 1776ರಲ್ಲಿ, ಪರದೇಶದ ನೆರವು ಖಚಿತವಾಗುವ ಮೊದಲೇ, ನಮ್ಮಲ್ಲೇ ಒಕ್ಕೂಟ ಗಟ್ಟಿಯಾಗುವ ಮೊದಲೇ ಸ್ವಾತಂತ್ರ್ಯ ಸಾರುವುದು ಅವಸರವೆಂದು ವಾದಿಸಿದ. ವಾದ ಸೋತಿತು. ಮರುದಿನ ಅವನೂ ರಾಬರ್ಟ್ ಮಾರಿಸ್‌ನೂ ಮತದಾನದಿಂದ ದೂರ ಉಳಿದರು, ಅದರಿಂದಲೇ ಪೆನ್ಸಿಲ್ವೇನಿಯಾದ ಮತ ಮೂರಕ್ಕೆ ಎರಡರಂತೆ ಸ್ವಾತಂತ್ರ್ಯದ ಪಾಲಾಯಿತು. ತನ್ನ ಮನಸ್ಸು ಒಪ್ಪದ್ದಕ್ಕೆ ಕೈ ಎತ್ತಲಿಲ್ಲ, ಹೆಚ್ಚಿನವರ ದಾರಿಗೂ ಅಡ್ಡ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಅದೇ ಸ್ವಾತಂತ್ರ್ಯ ಕಾಯಲು ತನ್ನ ದಳದೊಂದಿಗೆ ನ್ಯೂಜೆರ್ಸಿಗೆ ಹೊರಟ. ಇಂಥ ನಡತೆಗೆ ನಮ್ಮಲ್ಲಿ ‘ದೊಡ್ಡ ಮನಸ್ಸು’ ಎನ್ನುತ್ತೇವೆ. ಮುಂದೆ ಸಂವಿಧಾನಕ್ಕೆ ಅವನ ಹೆಸರು ಬಿದ್ದದ್ದು ಗೆಳೆಯನ ಕೈಯಿಂದ. ಕಾಯಿಲೆ ಬಿದ್ದು ಮನೆಗೆ ಹೋಗಿದ್ದ ಅವನ ಪರವಾಗಿ ಜಾರ್ಜ್ ರೀಡ್ ಸಹಿ ಮಾಡಿದ.

ವರ್ಜೀನಿಯಾದ ಜಾರ್ಜ್ ಮೇಸನ್ ಕಥೆ ಬೇರೆ. ಸಂವಿಧಾನ ಸಭೆಯಲ್ಲಿ ಕೊನೆಯ ದಿನದವರೆಗೆ ಕುಳಿತು ಸಹಿ ನಿರಾಕರಿಸಿದ ಮೂವರಲ್ಲಿ ಅವನೊಬ್ಬ. ಹಕ್ಕುಗಳ ಪಟ್ಟಿ ಇಲ್ಲದ ಸಂವಿಧಾನಕ್ಕೆ ಸಹಿ ಹಾಕುವ ಬದಲು ಬಲಗೈ ಕಡಿದುಕೊಳ್ಳುವುದೇ ಮೇಲು ಎಂಬಷ್ಟು ಕಠಿಣ ನಿಲುವು ಅವನದು. ಬಹುಕಾಲದ ಗೆಳೆಯ ವಾಷಿಂಗ್ಟನ್ ಇದರಿಂದ ದೂರವಾದ. 1791ರಲ್ಲಿ ಹಕ್ಕುಗಳ ಮಸೂದೆ ಸೇರ್ಪಡೆಯಾಯಿತು, ಮರುವರ್ಷ ಮೇಸನ್ ತೀರಿಕೊಂಡ. ಗುಲಾಮಗಿರಿಯನ್ನು ಶಾಪವೆಂದು ಸಭೆಯಲ್ಲೇ ಬೈದವನು ತನ್ನ ಗುಲಾಮರನ್ನು ಮಾತ್ರ ಉಯಿಲಿನಲ್ಲೂ ಬಿಡುಗಡೆ ಮಾಡಲಿಲ್ಲ.

ಇವರೆಲ್ಲ ಶ್ರೀಮಂತರಾಗಿಯೇ ಸತ್ತರೇ?

ಈ ಪ್ರಶ್ನೆ ಬಂದಾಗಲೆಲ್ಲ ಇಬ್ಬರ ಹೆಸರು ಹೇಳುತ್ತೇನೆ.

ಲಿವರ್‌ಪೂಲ್‌ನಲ್ಲಿ ಹುಟ್ಟಿದ ರಾಬರ್ಟ್ ಮಾರಿಸ್ (ಗೂವರ್ನರ್ ಮಾರಿಸ್‌ಗೆ ಸಂಬಂಧಿಯಲ್ಲ) ಫಿಲಡೆಲ್ಫಿಯಾದ ಬಹುದೊಡ್ಡ ವ್ಯಾಪಾರಿ. ಅವನ ಕಂಪನಿಯ ಹಡಗುಗಳು ಗುಲಾಮರನ್ನೂ ಸಾಗಿಸಿದ್ದವು. 1781ರಲ್ಲಿ ಸರ್ಕಾರದ ಕಾಗದದ ಹಣಕ್ಕೆ ಬೆಲೆಯೇ ಇಲ್ಲದಾದಾಗ ಅವನು ಹಣಕಾಸಿನ ಹೊಣೆ ಹೊತ್ತು, ತನ್ನ ಸ್ವಂತ ಹೆಸರಿನ ಹುಂಡಿಗಳ ಮೇಲೆ ಸೈನ್ಯಕ್ಕೆ ದವಸ ಒದಗಿಸಿದ. ದೇಶದ ಮಾತನ್ನು ನಂಬದ ವರ್ತಕರು ಮಾರಿಸ್‌ನ ಸಹಿಯನ್ನು ನಂಬಿದರು. ಯಾರ್ಕ್‌ಟೌನ್ ಎಂಬಲ್ಲಿ ಬ್ರಿಟಿಷ್ ಸೈನ್ಯ ಶರಣಾದ ಗೆಲುವಿನ ಹಿಂದೆ ಈ ಸಹಿಯೂ ಇತ್ತು. ಯುದ್ಧ ಮುಗಿದ ಮೇಲೆ ಅವನಿಗೆ ಭೂಮಿಯ ಹುಚ್ಚು ಹಿಡಿಯಿತು. ಲಕ್ಷಾಂತರ ಎಕರೆ ಸಾಲದಲ್ಲೇ ಕೊಂಡ, ಸಾಲ ಕುತ್ತಿಗೆಗೆ ಬಂತು. 1798ರಿಂದ 1801ರವರೆಗೆ ಅದೇ ಫಿಲಡೆಲ್ಫಿಯಾದ ಸಾಲಗಾರರ ಸೆರೆಮನೆಯಲ್ಲಿದ್ದ. ವಾಷಿಂಗ್ಟನ್ ಅಲ್ಲಿಗೇ ಹೋಗಿ ಅವನೊಂದಿಗೆ ಊಟ ಮಾಡಿದ. ಬಿಡುಗಡೆಯಾದ ಮೇಲೆ ಅವನ ಸಂಸಾರ ನಡೆದದ್ದು ಹೆಂಡತಿ ಮೇರಿಗೆ ಗೂವರ್ನರ್ ಮಾರಿಸ್ ಕೊಡಿಸಿದ ವಾರ್ಷಿಕ ಹಣದಿಂದ.

ಇನ್ನೊಬ್ಬ ಜೇಮ್ಸ್ ವಿಲ್ಸನ್. ಸ್ಕಾಟ್ಲೆಂಡಿನ ಹಳ್ಳಿಯಿಂದ ಬಂದವನು, ಘೋಷಣೆಗೂ ಸಂವಿಧಾನಕ್ಕೂ ಸಹಿ ಹಾಕಿದವನು, ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂದು ಆ ಸಭೆಯಲ್ಲಿ ವಾದಿಸಿದವನು. ಪ್ರಾತಿನಿಧ್ಯದ ಜನಸಂಖ್ಯೆ ಲೆಕ್ಕದಲ್ಲಿ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸುವ ಸೂಚನೆಯನ್ನು ಮಂಡಿಸಿದವನೂ ಅವನೇ. 1789ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ನ್ಯಾಯಮೂರ್ತಿಗಳಲ್ಲಿ ಒಬ್ಬನಾದ. ಅವನಿಗೂ ಭೂಮಿಯ ಹುಚ್ಚೇ ಮುಳುವಾಯಿತು. ಪೀಠದಲ್ಲಿರುವಾಗಲೇ ಸಾಲಗಾರನೆಂದು ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಜೈಲು ಕಂಡ. ಸಾಲ ಕೊಟ್ಟವರಿಂದ ತಪ್ಪಿಸಿಕೊಂಡು ನಾರ್ತ್ ಕ್ಯಾರೊಲಿನಾದ ಈಡೆಂಟನ್ ಎಂಬ ಪುಟ್ಟ ಊರು ಸೇರಿ, ನ್ಯಾಯಾಲಯದ ಪಕ್ಕದ ತಂಗುಮನೆಯೊಂದರಲ್ಲಿ ಕೋಣೆ ಹಿಡಿದ. ಜೊತೆಯಲ್ಲಿದ್ದವಳು ಅವನಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಚಿಕ್ಕವಳಾದ ಹೆಂಡತಿ ಹ್ಯಾನಾ. ಮಲೇರಿಯಾ, ಆಮೇಲೆ ಪಾರ್ಶ್ವವಾಯು. 1798ರ ಆಗಸ್ಟ್ 21ರಂದು ಪ್ರಾಣ ಹೋಯಿತು. ದೇಶಕ್ಕೆ ಅವನ ನೆನಪಾಗಿ ಮೂಳೆಗಳನ್ನು ಫಿಲಡೆಲ್ಫಿಯಾಕ್ಕೆ ತಂದದ್ದು 1906ರಲ್ಲಿ, ನೂರೆಂಟು ವರ್ಷಗಳ ಮೇಲೆ.

ಸಹಿ ಹಾಕಿದವರನ್ನು ಬ್ರಿಟಿಷರು ಹಿಡಿದು ಹಿಂಸಿಸಿ ಕೊಂದರು ಎಂಬ ಸಂದೇಶ ಮೊಬೈಲ್‌ಗೆ ಬರುತ್ತಿರುತ್ತದೆ. ನಿಜವೇ?

ನಿಜವಲ್ಲ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಐವರು ಸೆರೆಯಾದದ್ದು ನಿಜ. ನ್ಯೂಜೆರ್ಸಿಯ ರಿಚರ್ಡ್ ಸ್ಟಾಕ್ಟನ್ 1776ರಲ್ಲಿ ಸೆರೆಸಿಕ್ಕ. ಉಳಿದ ನಾಲ್ವರು, ಅಂದರೆ ವಾಲ್ಟನ್, ಹೇವರ್ಡ್, ಮಿಡ್ಲ್‌ಟನ್ ಮತ್ತು ರಟ್ಲೆಡ್ಜ್, ದಕ್ಷಿಣದ ಯುದ್ಧಗಳಲ್ಲಿ ಸಿಕ್ಕಿಬಿದ್ದರು. ಐವರೂ ಬಿಡುಗಡೆಯಾಗಿ ಬಂದರು. ಜಾರ್ಜಿಯಾದ ಬಟನ್ ಗ್ವಿನೆಟ್ 1777ರಲ್ಲಿ ಗುಂಡೇಟಿನಿಂದ ಸತ್ತ, ಆದರೆ ಹೊಡೆದವನು ಅವನದೇ ಕಡೆಯ ಸೇನಾಧಿಕಾರಿ ಲಾಕ್ಲನ್ ಮೆಕಿಂಟಾಶ್, ಅದೂ ದ್ವಂದ್ವಯುದ್ಧದಲ್ಲಿ.

ನಿಜವಾದ ನೋವು ಇಂಥ ಸಂದೇಶಗಳಲ್ಲಿ ಇರುವುದೇ ಇಲ್ಲ. ನ್ಯೂಯಾರ್ಕ್‌ನ ಫ್ರಾನ್ಸಿಸ್ ಲೂಯಿಸ್ ಸಹಿ ಹಾಕಿದ, ಸೆರೆಗೆ ಹೋದವಳು ಅವನ ಹೆಂಡತಿ ಎಲಿಜಬೆತ್. ಮನೆ ಹಾಳಾಯಿತು. ಹಾಸಿಗೆಯಿಲ್ಲದೆ, ಬದಲಾಯಿಸಲು ಬಟ್ಟೆಯಿಲ್ಲದೆ ಆಕೆ ಸೆರೆಯಲ್ಲಿ ಕಳೆದಳು. ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದರೂ ಆರೋಗ್ಯ ಮರಳಲಿಲ್ಲ, 1779ರಲ್ಲಿ ತೀರಿಕೊಂಡಳು.

ಗ್ವಿನೆಟ್‌ನ ಸಹಿಗೆ ಅಷ್ಟೊಂದು ಬೆಲೆ ಏಕೆ?

ಘೋಷಣೆಗೆ ಸಹಿ ಹಾಕಿದ ಮರುವರ್ಷವೇ ಸತ್ತದ್ದರಿಂದ ಅವನ ಕೈಬರಹ ಉಳಿದದ್ದು ಬಹಳ ಕಡಿಮೆ. 56 ಮಂದಿಯ ಸಹಿಗಳನ್ನೂ ಕೂಡಿಹಾಕುವ ಹವ್ಯಾಸಿಗಳಿಗೆ ಅವನದೊಂದೇ ಸಿಗುವುದಿಲ್ಲ. ಹಾಗಾಗಿ ಹರಾಜಿನಲ್ಲಿ ಲಕ್ಷಾಂತರ ಡಾಲರ್‌ಗೆ ಹೋಗುತ್ತದೆ.

ಅಮೆರಿಕದ ಧ್ವಜ ರೂಪಿಸಿದ್ದು ಬೆಟ್ಸಿ ರಾಸ್ ಅಲ್ಲವೇ?

ಬೆಟ್ಸಿ ರಾಸ್ ಫಿಲಡೆಲ್ಫಿಯಾದ ಹೊಲಿಗೆಗಾರ್ತಿ. ಆ ಕಥೆಯನ್ನು ಆಕೆಯ ಮೊಮ್ಮಗ ಸಾರ್ವಜನಿಕವಾಗಿ ಹೇಳಿದ್ದು 1870ರಲ್ಲಿ, ಅಂದರೆ ಸುಮಾರು ತೊಂಬತ್ತು ವರ್ಷಗಳಾದ ಮೇಲೆ. ಆ ಕಾಲದ್ದೇ ಕಾಗದಪತ್ರ ಸಿಗುವುದು ನ್ಯೂಜೆರ್ಸಿಯಿಂದ ಸಹಿ ಹಾಕಿದ ಫ್ರಾನ್ಸಿಸ್ ಹಾಪ್ಕಿನ್ಸನ್ ಬಗ್ಗೆ. ವಕೀಲ, ಕವಿ, ಸಂಗೀತಗಾರ. 1780ರಲ್ಲಿ ಅವನು ಸರ್ಕಾರಕ್ಕೆ ಪತ್ರ ಬರೆದು, ಧ್ವಜವನ್ನೂ ಕೆಲವು ಮುದ್ರೆಗಳನ್ನೂ ರೂಪಿಸಿದ್ದೇನೆ, ಪ್ರತಿಫಲವಾಗಿ ಸರ್ಕಾರಿ ದಾಸ್ತಾನಿನಿಂದ ಒಂದು ಸಣ್ಣ ಪೀಪಾಯಿ ದ್ರಾಕ್ಷಾರಸ ಕೊಟ್ಟರೆ ಸಾಕು ಎಂದು ಕೇಳಿದ. ಕಡತ ಮೇಜಿನಿಂದ ಮೇಜಿಗೆ ಅಲೆಯಿತು. ಬಿಲ್ಲಿಗೆ ವಿವರ ಕೊಡಿ, ರಸೀದಿ ಕೊಡಿ ಎಂದರು. ಕೊನೆಗೆ, ಈ ಕೆಲಸ ನೀನೊಬ್ಬನೇ ಮಾಡಿದ್ದಲ್ಲ, ಹೇಗೂ ಸರ್ಕಾರದ ಸಂಬಳ ಬರುತ್ತಿದೆ ಎಂದು ತಳ್ಳಿಹಾಕಿದರು. ಪೀಪಾಯಿಯೂ ಸಿಗಲಿಲ್ಲ, ಹಣವೂ ಸಿಗಲಿಲ್ಲ.

ಚಾರ್ಲ್ಸ್ ಥಾಮ್ಸನ್ ಬರೆದ ಇತಿಹಾಸಕ್ಕೆ ಏನಾಯಿತು?

ಐರ್ಲೆಂಡಿನಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗ ಅವನು. 1739ರಲ್ಲಿ ತಂದೆಯೊಡನೆ ಹಡಗು ಹತ್ತಿದ, ಅಮೆರಿಕದ ದಡ ಕಾಣುವ ಹೊತ್ತಿಗೆ ತಂದೆಯೂ ಹಡಗಿನಲ್ಲೇ ಸತ್ತ. ಹತ್ತು ವರ್ಷದ ಮಗು ತಬ್ಬಲಿಯಾಗಿ ಇಳಿಯಿತು. ಓದಿ, ಮೇಷ್ಟರಾಗಿ, ಆಮೇಲೆ ವ್ಯಾಪಾರ ಹಿಡಿದ. ಡೆಲಾವೇರ್ ಬುಡಕಟ್ಟಿನವರು ಬಿಳಿಯರೊಂದಿಗೆ ಮಾತುಕತೆ ನಡೆಸಿದಾಗ ಅವರ ಪರವಾಗಿ ಟಿಪ್ಪಣಿ ಬರೆದುಕೊಂಡವನು ಥಾಮ್ಸನ್. ಅವನ ಬರಹದಲ್ಲಿ ಮೋಸವಿಲ್ಲವೆಂದು ಕಂಡು ಅವರು ಅವನನ್ನು ತಮ್ಮವನನ್ನಾಗಿ ಮಾಡಿಕೊಂಡು ಇಟ್ಟ ಹೆಸರಿನ ಅರ್ಥ ‘ಸತ್ಯ ನುಡಿಯುವವನು’.

1774ರಿಂದ 1789ರವರೆಗೆ, ಹದಿನೈದು ವರ್ಷ, ಕಾಂಟಿನೆಂಟಲ್ ಕಾಂಗ್ರೆಸ್ಸಿಗೆ ಅವನೊಬ್ಬನೇ ಕಾರ್ಯದರ್ಶಿ. ಅಧ್ಯಕ್ಷರು ಬಂದರು, ಹೋದರು. ಪ್ರತಿ ನಿರ್ಣಯ, ಪ್ರತಿ ಒಳಜಗಳ ಅವನ ಕಣ್ಣೆದುರೇ ನಡೆಯಿತು. 1782ರಲ್ಲಿ ರಾಷ್ಟ್ರಮುದ್ರೆಗೆ ಕೊನೆಯ ರೂಪ ಕೊಟ್ಟ, ಡಾಲರ್ ನೋಟಿನ ಮೇಲೆ ಇಂದಿಗೂ ಕಾಣುವ ಹದ್ದು ಅದೇ. 1789ರಲ್ಲಿ ಮೌಂಟ್ ವರ್ನನ್‌ಗೆ ಹೋಗಿ, ನೀವು ಅಧ್ಯಕ್ಷರಾಗಿ ಆಯ್ಕೆಯಾಗಿದ್ದೀರಿ ಎಂದು ವಾಷಿಂಗ್ಟನ್‌ಗೆ ತಿಳಿಸಿದವನೂ ಅವನೇ. ಹೊಸ ಸರ್ಕಾರದಲ್ಲಿ ಅವನಿಗೆ ತಕ್ಕ ಸ್ಥಾನ ಸಿಗಲಿಲ್ಲ. ಮನೆಗೆ ಮರಳಿ, ಸಾವಿರಕ್ಕೂ ಹೆಚ್ಚು ಪುಟಗಳ ಕ್ರಾಂತಿಯ ಇತಿಹಾಸ ಬರೆದ. ಆಮೇಲೆ ಅದನ್ನು ಸುಟ್ಟುಹಾಕಿದ. ನಾನು ನಿಜ ಹೇಳಿದರೆ ಈಗಾಗಲೇ ಬರೆದಿಟ್ಟ ಇತಿಹಾಸಗಳೆಲ್ಲ ಸುಳ್ಳಾಗುತ್ತವೆ, ನಮ್ಮ ದೊಡ್ಡವರ ಜಾಣತನ, ಶೌರ್ಯಗಳನ್ನು ಜಗತ್ತು ಮೆಚ್ಚಿಕೊಂಡೇ ಇರಲಿ ಎಂಬುದು ಅವನ ನಿಲುವಾಗಿತ್ತು.

ಸತ್ಯ ನುಡಿಯುವವನೆಂದು ಹೆಸರು ಪಡೆದವನು ಮೌನವನ್ನು ಆರಿಸಿಕೊಂಡ. ನನಗೆ ಇದನ್ನು ಒಪ್ಪಲಾಗುವುದಿಲ್ಲ. ಆ ಪುಟಗಳು ಉಳಿದಿದ್ದರೆ ‘ಮುಂತಾದವರು’ ಎಂಬ ಪದ ಇಷ್ಟು ಭಾರವಾಗಿರುತ್ತಿರಲಿಲ್ಲ. ಆದರೆ ಸುಳ್ಳು ಬರೆಯಲು ಅವನು ಒಪ್ಪಲಿಲ್ಲ ಎಂಬುದನ್ನೂ ಮರೆಯಲಾರೆ. ಉಳಿದ ಆಯುಷ್ಯದ ಸುಮಾರು ಇಪ್ಪತ್ತು ವರ್ಷ ಗ್ರೀಕ್ ಬೈಬಲ್ಲನ್ನು ಇಂಗ್ಲಿಷಿಗೆ ಅನುವಾದಿಸುತ್ತ ಕುಳಿತ. 1808ರಲ್ಲಿ ನಾಲ್ಕು ಸಂಪುಟಗಳಾಗಿ ಅದನ್ನು ಮುದ್ರಿಸಿದವಳು ಜೇನ್ ಏಟ್ಕೆನ್ ಎಂಬ ಫಿಲಡೆಲ್ಫಿಯಾದ ಹೆಂಗಸು.

ಎಲ್ಲರೂ ‘ಪಿತಾಮಹರೇ’. ಹೆಂಗಸರು ಯಾರೂ ಇರಲಿಲ್ಲವೇ?

ಸ್ವಾತಂತ್ರ್ಯ ಘೋಷಣೆಯನ್ನು ಸಹಿ ಹಾಕಿದವರ ಹೆಸರುಗಳೊಂದಿಗೆ ಮೊದಲು ಮುದ್ರಿಸಿದವಳು ಒಬ್ಬ ಹೆಂಗಸು: ಬಾಲ್ಟಿಮೋರ್‌ನ ಮೇರಿ ಕ್ಯಾಥರಿನ್ ಗೊಡಾರ್ಡ್. 1777ರ ಜನವರಿಯಲ್ಲಿ ಕಾಂಗ್ರೆಸ್ ಆ ಕೆಲಸ ಒಪ್ಪಿಸಿತು. ಬ್ರಿಟಿಷರ ಕಣ್ಣಿಗೆ ಅದು ರಾಜದ್ರೋಹದ ಕಾಗದ. ಆಕೆ ಹಾಳೆಯ ಅಡಿಯಲ್ಲಿ ಮುದ್ರಕಿಯಾಗಿ ತನ್ನ ಪೂರ್ತಿ ಹೆಸರನ್ನೇ ಹಾಕಿದಳು. ಊರಿನ ಅಂಚೆ ಕಚೇರಿಯ ಮುಖ್ಯಸ್ಥೆಯೂ ಆಕೆಯೇ. 1789ರಲ್ಲಿ, ಈ ಕೆಲಸಕ್ಕೆ ತಿರುಗಾಟ ಬೇಕು, ಹೆಂಗಸಿಗೆ ಆಗದು ಎಂಬ ನೆಪ ಹೇಳಿ ಆಕೆಯನ್ನು ತೆಗೆದುಹಾಕಿದರು. ಇನ್ನೂರಕ್ಕೂ ಹೆಚ್ಚು ಊರವರು ಆಕೆಯ ಪರವಾಗಿ ಅರ್ಜಿ ಬರೆದರೂ ಕೆಲಸ ಮರಳಿ ಸಿಗಲಿಲ್ಲ.

ಇವರಿಗೂ ನಮ್ಮ ಮೈಸೂರಿಗೂ ಏನಾದರೂ ಸಂಬಂಧವಿದೆಯೇ?

ಇದೆ. 1782ರಲ್ಲಿ ಪೆನ್ಸಿಲ್ವೇನಿಯಾದ ವ್ಯಾಪಾರದ ಹಡಗುಗಳನ್ನು ಬ್ರಿಟಿಷರಿಂದ ಕಾಯಲು ಸಜ್ಜಾದ ಒಂದು ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. ಶ್ರೀರಂಗಪಟ್ಟಣದ ಹೈದರ್ ಆಗ ಬದುಕಿದ್ದ, ಬ್ರಿಟಿಷರೊಂದಿಗೆ ಯುದ್ಧವನ್ನೂ ನಡೆಸುತ್ತಿದ್ದ. ಶತ್ರುವಿನ ಶತ್ರುವಿನ ಹೆಸರನ್ನು ಹಡಗಿಗೆ ಇಟ್ಟರು. ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಅದರ ಯುವ ನಾಯಕ ಜಾಶುವಾ ಬಾರ್ನಿ, ತನ್ನದಕ್ಕಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದ. ಚುಕ್ಕಾಣಿಯವನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದನಂತೆ: ನಾನು ಏನು ಕೂಗುತ್ತೇನೋ ಅದಕ್ಕೆ ತಿರುಗುಮುರುಗಾಗಿ ಮಾಡು. ಅವನ ಕೂಗು ಕೇಳಿಸಿಕೊಂಡ ಬ್ರಿಟಿಷರು ಮೋಸಹೋದರು.

ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನೇ 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕೊಂಡೊಯ್ದವನು.

ಇವರ ಗುರುತುಗಳನ್ನು ಎಲ್ಲಿ ನೋಡಬಹುದು?

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ನೆಲೆಸಿರುವ ಕನ್ನಡಿಗರು ಒಂದು ಶನಿವಾರ ಬಿಡುವು ಮಾಡಿಕೊಂಡರೆ ಸಾಕು. ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್ ನೋಡಿ, ಅಲ್ಲಿಂದ ನಡೆದೇ ಕ್ರೈಸ್ಟ್ ಚರ್ಚ್‌ಗೆ ಹೋಗಿ. ರಾಬರ್ಟ್ ಮಾರಿಸ್, ಜೇಮ್ಸ್ ವಿಲ್ಸನ್ ಅಲ್ಲೇ ಇದ್ದಾರೆ. ಎರಡು ಮೂರು ಬೀದಿ ದಾಟಿದರೆ ಸಿಗುವ ಅದೇ ಚರ್ಚಿನ ರುದ್ರಭೂಮಿಯಲ್ಲಿ ಫ್ರಾಂಕ್ಲಿನ್ ಸಮಾಧಿಯ ಮುಂದೆ ಜನ ಸೇರಿರುತ್ತಾರೆ. ಹಾಪ್ಕಿನ್ಸನ್ ಸಮಾಧಿ ಕೂಡ ಅದೇ ಆವರಣದಲ್ಲಿದೆ.

ಸಮಯವಿದ್ದರೆ ಡೆಲಾವೇರ್‌ನ ಡೋವರ್ ಬಳಿ ಇರುವ ಡಿಕಿನ್ಸನ್ ಜಮೀನಿಗೂ ಹೋಗಿ. ತನ್ನ ಗುಲಾಮರಿಗೆ 1777ರಲ್ಲಿ ಷರತ್ತಿನ ಮೇಲೆ, 1786ರಲ್ಲಿ ಷರತ್ತಿಲ್ಲದೆ ಬಿಡುಗಡೆ ಬರೆದುಕೊಟ್ಟವನು ಅವನು. 2021ರಲ್ಲಿ ಪುರಾತತ್ವಜ್ಞರು ಆ ಜಮೀನಿನಲ್ಲಿ, ಅಲ್ಲಿ ದುಡಿದು ಸತ್ತ ಕಪ್ಪು ಜನರನ್ನು ಹೂಳಿದ ಜಾಗವನ್ನು ಪತ್ತೆಹಚ್ಚಿದರು. ಮನೆ ನೋಡಿದ ಮೇಲೆ ಆ ಹೊಲದ ಅಂಚಿಗೂ ಹೋಗಿ ಸ್ವಲ್ಪ ಹೊತ್ತು ನಿಲ್ಲಿ.